ನಿಮ್ಮ ನೆಗಡಿ ಇವರಿಂದ ಬಂದಿದೆ

ಊರಿಗೆ ಊರೇ ಸೀನುವುದನ್ನು ಕುಳಿತು ನೋಡುವುದೂ ಒಂದು ನೌಕರಿಯಾಗುತ್ತದೆ ಎಂದು ಹಿಂದಿನ ಕಾಲದಲ್ಲಿ ಯಾರಾದರೂ ಹೇಳಿದ್ದರೆ, ಹೇಳಿದವನ ತಲೆಗೆ ಲಿಂಬೆಹಣ್ಣು ತಿಕ್ಕಲು ಮನೆಯವರು ಓಡಿ ಬರುತ್ತಿದ್ದರು. ನೀಲಾಂಬಿಕೆಯದು ಅದೇ ನೌಕರಿ. ಹುಬ್ಬಳ್ಳಿಯ ನೆಗಡಿ ಕೇಂದ್ರದ ಮೇಲಿನ ಅಂತಸ್ತಿನಲ್ಲಿ, ಗೋಡೆಯಗಲದ ಪರದೆಯ ಮುಂದೆ, ಕಿರುಗುಡುವ ಕುರ್ಚಿಯೊಂದರಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತಿದ್ದಳು. ಪರದೆಯ ಮೇಲೆ ಊರಿನ ನಕ್ಷೆ. ಎಲ್ಲಿ ಯಾರಿಗೆ ನೆಗಡಿಯಾದರೂ ಅಲ್ಲೊಂದು ಹಳದಿ ಚುಕ್ಕೆ ಮೂಡುತ್ತಿತ್ತು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿದರೆ ಚುಕ್ಕೆಯಿಂದ ಚುಕ್ಕೆಗೆ ಒಂದು ಎಳೆ. ಮಳೆ ಮುಗಿದು ಚಳಿ ಶುರುವಾಗುವ ಈ ದಿನಗಳಲ್ಲಿ, ಯಾರೋ ನೂಲಿನ ಲಡಿ ಬಿಚ್ಚಿ ಊರಿನ ಮೇಲೆ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಅವತ್ತು ಅವಳಿಗೇ ನೆಗಡಿ. ಊರಿನಲ್ಲಿ ಎಲ್ಲರಿಗೂ ನೆಗಡಿ ರಜೆ ಉಂಟು, ನೆಗಡಿ ಕೇಂದ್ರದವರಿಗೆ ಮಾತ್ರ ಇಲ್ಲ. ಚಳಿಗಾಲದಲ್ಲಿ ನೀವೂ ರಜೆ ಹಾಕಿದರೆ ನೋಡುವವರು ಯಾರು, ಮಾಸ್ಕು ಕಟ್ಟಿಕೊಂಡು ಬನ್ನಿ ಎಂದು ಮೇಲಿನವರ ಅಪ್ಪಣೆ. ಮಾಸ್ಕಿನೊಳಗೆ ಮೂಗು ಸುರಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಊರಿನವರ ಮೂಗಿನಲ್ಲೆಲ್ಲ ಮೂಗು ತೂರಿಸುವವಳಿಗೆ ತನ್ನ ಮೂಗು ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಡಬ್ಬಿ. ಪ್ರತಿ ಮನೆಯ ಬಾಗಿಲ ಪಕ್ಕ, ಸ್ವಿಚ್ ಬೋರ್ಡಿನ ಕೆಳಗೆ, ಸಾಬೂನಿನ ಪೆಟ್ಟಿಗೆಯಷ್ಟಿರುವ ಡಬ್ಬಿ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಒಂದು ಮಾರುದ್ದದ ಹೆಸರಿತ್ತು. ಜನ ಅದನ್ನು 'ಮೂಗು' ಎಂದು ಕರೆದು ಮುಗಿಸಿದರು. ಮೂಗು ಮನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯಲ್ಲಿರುವ ವೈರಸ್ಸನ್ನು ಹಿಡಿಯುತ್ತದೆ, ಅದು ಮನೆಯಲ್ಲಿ ಯಾರ ಉಸಿರಿನದು ಎಂದು ಗುರುತಿಸುತ್ತದೆ. ಯಾರಿಂದ ಯಾರಿಗೆ ಬಂತು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದವರಿಗೆ ನೀಲಾ ಶಾಲೆಯ ಲೆಕ್ಕ ಹೇಳುತ್ತಿದ್ದಳು. ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಮನೆಗೆಲಸ ಬರೆದರೆ ಮೇಷ್ಟ್ರು ಹೇಗೆ ಹಿಡಿಯುತ್ತಾರೆ? ತಪ್ಪಿನಿಂದ. ಮೊದಲನೆಯವನು ಮಾಡಿದ ತಪ್ಪು ಎರಡನೆಯವನಲ್ಲೂ ಇರುತ್ತದೆ, ಎರಡನೆಯವನು ತನ್ನದೊಂದು ಸೇರಿಸಿರುತ್ತಾನೆ. ನೆಗಡಿ ವೈರಸ್ಸೂ ಅಷ್ಟೇ. ಮೂಗಿನಿಂದ ಮೂಗಿಗೆ ದಾಟುವಾಗ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ. ತಪ್ಪುಗಳನ್ನು ಜೋಡಿಸಿದರೆ ದಾರಿ ಸಿಗುತ್ತದೆ.

ಈ ಯೋಜನೆ ಶುರುವಾದದ್ದು ಒಳ್ಳೆಯ ಮನಸ್ಸಿನಿಂದಲೇ. ನೆಗಡಿಯ ಹಾದಿ ಗೊತ್ತಾದರೆ ನಾಳೆ ಬರುವ ದೊಡ್ಡ ಕಾಯಿಲೆಯ ಹಾದಿಯೂ ಗೊತ್ತಾಗುತ್ತದೆ, ಮೊದಲೇ ಅಡ್ಡಹಾಕಬಹುದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಆದರೆ ಯಾರೋ ಒಬ್ಬ ಪುಣ್ಯಾತ್ಮ, ತಿಳಿದುಕೊಳ್ಳುವುದು ನಾಗರಿಕರ ಹಕ್ಕು ಎಂದು ವಾದ ಹೂಡಿದ. ಅಲ್ಲಿಂದ ಎಳೆಯೊಂದು ಪೂರ್ತಿಯಾದ ಕೂಡಲೇ ಮನೆಯವರೆಲ್ಲರ ಫೋನಿಗೂ ಒಂದು ಸಂದೇಶ ಹೋಗತೊಡಗಿತು: 'ನಿಮ್ಮ ನೆಗಡಿ ಇವರಿಂದ ಬಂದಿದೆ.' ಮುಂದೆ ಹೆಸರು, ವಿಳಾಸ.

ಆ ಒಂದು ಸಾಲಿನಿಂದ ಊರು ಕೆಟ್ಟಿತು. ಲಗ್ನಪತ್ರಿಕೆಗಳಲ್ಲಿ 'ನೆಗಡಿ ಇದ್ದವರು ಮನೆಯಿಂದಲೇ ಹರಸಬೇಕು' ಎಂದು ಅಚ್ಚಾಗತೊಡಗಿತು. ಗಂಡಿನ ಕಡೆಯವರು ಜಾತಕದ ಜೊತೆಗೆ ಹುಡುಗಿಯ ಮೂಗಿನ ಚರಿತ್ರೆಯನ್ನೂ ಕೇಳತೊಡಗಿದರು. ಆಫೀಸಿನಲ್ಲಿ ಕೆಲಸವಿದೆ ಎಂದು ಹೇಳಿ ಸಿನಿಮಾಕ್ಕೆ ಹೋದವರು, ಟಾಕೀಸಿನಲ್ಲಿ ಪಕ್ಕದ ಕುರ್ಚಿಯವರಿಂದ ನೆಗಡಿ ತಂದು ಸಿಕ್ಕಿಬಿದ್ದರು. ಅವರೆಲ್ಲರ ಸಿಟ್ಟು ಬಂದು ಮುಟ್ಟುವುದು ಎಲ್ಲಿಗೆ? ನೀಲಾಳ ಮೇಜಿನ ಫೋನಿಗೆ.

"ಹಲೋ, ನೆಗಡಿ ಕೇಂದ್ರ ಏನ್ರಿ?" ಎಂದು ಅವತ್ತು ಬೆಳಿಗ್ಗೆ ಒಬ್ಬ ಹೆಂಗಸು ಕೇಳಿದಳು.

"ಹೌದ್ರಿ. ಹೇಳ್ರಿ."

"ನನ್ನ ನೆಗಡಿ ನಮ್ಮ ನೆಗೆಣ್ಣಿಯಿಂದ ಬಂದೈತಿ ಅಂತ ಕಳಿಸೀರಿ. ಆಕಿ ಕೂಡ ನಾ ಮಾತ ಬಿಟ್ಟು ವರ್ಷಾತು. ಮಾತ ಇಲ್ಲದ ನೆಗಡಿ ಹೆಂಗ ಬರ್ತೈತ್ರಿ?"

"ಇಬ್ಬರದೂ ಒಂದ ಅಡಗಿಮನಿ ಏನ್ರಿ?"

"ಹೌದ್ರಿ. ಅದಕ್ಕೇನೀಗ?"

"ಹಂಗಾದ್ರ ಬರ್ತೈತ್ರಿ. ನೆಗಡಿಗೆ ಮಾತ ಬೇಕಾಗಂಗಿಲ್ಲ," ಎಂದು ನೀಲಾ ಫೋನಿಟ್ಟು ಸೀನಿದಳು.

ಮನೆಗೆ ಹೋದರೂ ನೆಗಡಿಯೇ. ಗದಗ ರಸ್ತೆಯ ಕಡೆ, ಮಹಡಿ ಮೇಲಿನ ಬಾಡಿಗೆ ಮನೆ. ಗಂಡ ಜಯಕರ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಸೌಖ್ಯಾ, ಈಗಷ್ಟೇ ತಪ್ಪುಹೆಜ್ಜೆ ಮುಗಿಸಿ ಓಡಲು ಕಲಿತ ಕೂಸು. ಇಬ್ಬರೂ ದುಡಿಯಲು ಹೋಗುವುದರಿಂದ ಹಗಲೆಲ್ಲ ಅದನ್ನು, ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವ ಓಣಿಯ ಕೂಸಿನ ಮನೆಯಲ್ಲಿ ಬಿಡುತ್ತಿದ್ದರು. ಅಲ್ಲಿಂದಲೇ ಅದು ಈ ಸಲದ ನೆಗಡಿ ತಂದದ್ದು, ತಾಯಿಗೆ ದಾಟಿಸಿದ್ದು. ಆ ಸಂದೇಶ ಮನೆಗೆ ಬಂದ ದಿನ ಜಯಕರ ಅದನ್ನು ಗಟ್ಟಿಯಾಗಿ ಓದಿ, "ನೋಡು ನೀಲಾ, ನಿನ್ನ ನೆಗಡಿ ಕುಮಾರಿ ಸೌಖ್ಯಾ ಅವರಿಂದ ಬಂದೈತಂತ. ಕೇಸ್ ಹಾಕೂಣೇನು?" ಎಂದು ನಕ್ಕಿದ್ದ. ನೀಲಾಗೆ ನಗಲೂ ತ್ರಾಣವಿರಲಿಲ್ಲ.

ಜಯಕರನ ಮನೆಯವರು ಭಾನುವಾರ ಚರ್ಚಿಗೆ ಹೋಗುವವರು. ನೀಲಾಳ ಮನೆಯವರು ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದವರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅವತ್ತು ಅವಳ ಅಪ್ಪ ಗುರುಸಂಗಪ್ಪ ಬಳಿಗಾರರು ಮನೆಯ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದರು: "ಇನ್ನ ನನ್ನ ಜೀವ ಇರೂತನಕ ನಿನ್ನ ಮಾರಿ ನೋಡಂಗಿಲ್ಲ." ಬೇರೆ ಯಾರಾದರೂ ಆಗಿದ್ದರೆ, ಮುಖ ನೋಡುವುದಿಲ್ಲ ಎಂದದ್ದು ಸಿಟ್ಟಿನ ಮಾತು, ಕೂಸು ಹುಟ್ಟಿದ ಮೇಲೆ ಸರಿಹೋಗುತ್ತದೆ ಎಂದು ಸುಮ್ಮನಿರಬಹುದಿತ್ತು. ಆದರೆ ಅವರು ಬಳಿಗಾರರು. ಹಳೇ ಹುಬ್ಬಳ್ಳಿಯ ಅವರ ಪಾತ್ರೆ ಅಂಗಡಿಯಲ್ಲಿ ಚೌಕಾಶಿ ಎಂಬುದೇ ಇರಲಿಲ್ಲ. ಬಾಯಿಂದ ಒಮ್ಮೆ ಬಂದ ದರ ಅವರ ಅಣ್ಣನಿಗೂ ಅಷ್ಟೇ, ಅಪರಿಚಿತನಿಗೂ ಅಷ್ಟೇ. ಸೌಖ್ಯಾ ಹುಟ್ಟಿದಾಗಲೂ ಆ ಮನೆಯಿಂದ ಯಾರೂ ಬರಲಿಲ್ಲ. ಅವ್ವ ಬಸಲಿಂಗವ್ವ ಗಂಡನ ಮಾತು ಮೀರುವವಳಲ್ಲ, ಮೇಲಾಗಿ ಮೊಣಕಾಲು ನೋವಿಗೆ ಓಣಿಯ ತುದಿಯವರೆಗೂ ಹೋಗುತ್ತಿರಲಿಲ್ಲ. ನೀಲಾ ಮೊದಮೊದಲು ಅತ್ತಳು, ಆಮೇಲೆ ಸಿಟ್ಟಾದಳು, ಈಗ ಎರಡಕ್ಕೂ ದಣಿದಿದ್ದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ತುಂಡೆಳೆ ಮಿಣುಕತೊಡಗಿತು. ಯಾರಿಂದ ಬಂತು ಎಂದು ಯಂತ್ರಕ್ಕೆ ಹೊಳೆಯದ ನೆಗಡಿಗೆ ಅವರು ತುಂಡೆಳೆ ಎನ್ನುತ್ತಿದ್ದರು. ಅದನ್ನು ಮನುಷ್ಯರೇ ಕುಳಿತು ಗಂಟು ಹಾಕಬೇಕು. ಸಂಜೆಯೊಳಗೆ ಹಾಕದಿದ್ದರೆ ಯಂತ್ರ ಮುಚ್ಚಿಟ್ಟ ದಾಖಲೆಗಳನ್ನೆಲ್ಲ ಕೆದಕಿ ತಾನೇ ಹಾಕಿಬಿಡುತ್ತದೆ, ಸಂದೇಶ ಹೊರಟುಬಿಡುತ್ತದೆ. ನೀಲಾ ಅದರ ಮೇಲೆ ಬೆರಳಿಟ್ಟಳು. ವಿಳಾಸ ಬಿಚ್ಚಿಕೊಂಡಿತು.

ಬಸಲಿಂಗವ್ವ ಬಳಿಗಾರ. ಅವ್ವನಿಗೆ ನೆಗಡಿ.

ಅವ್ವನ ದನಿ ಕೇಳಿ ಮೂರು ವರ್ಷವಾಗಿತ್ತು, ಈಗ ಅವ್ವನ ನೆಗಡಿ ಕಣ್ಣೆದುರಿಗೆ ಮಿಣುಕುತ್ತಿದೆ! ಆ ವೈರಸ್ಸಿನ ನಕಲನ್ನು ಊರಿನ ಉಳಿದ ನಕಲುಗಳ ಜೊತೆಗೆ ಹೋಲಿಸಲು ಹೇಳಿದಳು. ಹತ್ತಿರದ್ದು ಯಾವುದು ಎಂದು ತೋರಿಸಿದಾಗ ಅವಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಬರಲಿಲ್ಲ. ಸೌಖ್ಯಾಳದು. ಕೂಸಿನ ನಕಲಿನಲ್ಲಿದ್ದ ತಪ್ಪುಗಳೆಲ್ಲ ಅವ್ವನದರಲ್ಲಿ ಇದ್ದವು, ಮೇಲೆ ಎರಡು ಹೊಸವು.

ಅವ್ವ ಬಂದಿದ್ದಳೇ? ಕದ್ದು ಕೂಸನ್ನು ನೋಡಿಕೊಂಡು ಹೋಗುತ್ತಿದ್ದಾಳೆಯೇ? ನೀಲಾಗೆ ಒಳಗೊಳಗೇ ಖುಷಿಯ ಅಲೆಯೊಂದು ಎದ್ದಿತು. ಆದರೆ ಆ ಎರಡು ಹೊಸ ತಪ್ಪುಗಳು ಅವಳನ್ನು ಸುಮ್ಮನಿರಗೊಡಲಿಲ್ಲ. ನೇರವಾಗಿ ದಾಟಿದ್ದರೆ ಸಾಮಾನ್ಯವಾಗಿ ಒಂದು ಸೇರಬೇಕು. ಎರಡು ಸೇರಿವೆ ಎಂದರೆ ನಡುವೆ ಇನ್ನೊಂದು ಮೂಗು ಇದೆ. ಆ ಮನೆಯಲ್ಲಿ ಇರುವುದು ಇಬ್ಬರೇ. ಅಪ್ಪನ ಹೆಸರಿನ ಮುಂದೆ ಯಂತ್ರ ಬರೆದಿತ್ತು: 'ನಶ್ಯ. ಪರಿಗಣಿಸಿಲ್ಲ.'

ಆ ನಿಯಮ ಮಾಡಿಸಿದವಳು ನೀಲಾಳೇ. ಡಬ್ಬಿಗಳನ್ನು ಕೂರಿಸಿದ ಹೊಸದರಲ್ಲಿ ಊರಿನ ನಶ್ಯ ಸೇದುವ ಮುದುಕರೆಲ್ಲ ಮಹಾ ರೋಗಿಗಳೆಂದು ಪರದೆಯ ಮೇಲೆ ಉರಿಯತೊಡಗಿದ್ದರು. ಸಿಟ್ಟಾದ ಮುದುಕರು ಕೇಂದ್ರದ ಮೆಟ್ಟಿಲ ಮೇಲೆ ಕುಳಿತು, ಬೇಕೆಂದೇ ಚಿಟಿಕೆ ಚಿಟಿಕೆ ಏರಿಸಿ ಸೀನಿ ಗದ್ದಲ ಮಾಡಿದ್ದರು. ನಶ್ಯ ಹಾಕುವ ಅಪ್ಪನ ಜೊತೆಗೆ ಬೆಳೆದ ನೀಲಾ, ಅಂಥವರ ಸೀನನ್ನು ಬದಿಗಿಡಲು ಯಂತ್ರಕ್ಕೆ ಕಲಿಸಿರಿ ಎಂದು ಸಲಹೆ ಕೊಟ್ಟಿದ್ದಳು. ಯಂತ್ರ ಚೆನ್ನಾಗಿಯೇ ಕಲಿತಿತ್ತು. ನಶ್ಯದವರಿಗೂ ಒಮ್ಮೊಮ್ಮೆ ನಿಜವಾದ ನೆಗಡಿ ಆಗಬಹುದು ಎಂಬುದನ್ನು ಮಾತ್ರ ಯಾರೂ ಅದಕ್ಕೆ ಹೇಳಿರಲಿಲ್ಲ.

ಬದಿಗಿಟ್ಟದ್ದನ್ನು ಅವಳು ತೆರೆದಳು. ಅಲ್ಲಿತ್ತು. ಕೂಸಿನ ತಪ್ಪುಗಳು, ಜೊತೆಗೆ ಒಂದೇ ಒಂದು ಹೊಸದು. ಕೂಸಿನಿಂದ ಅಪ್ಪನಿಗೆ, ಅಪ್ಪನಿಂದ ಅವ್ವನಿಗೆ. ಬಂದವಳು ಅವ್ವ ಅಲ್ಲ. ಬಂದವರು ಅಪ್ಪ.

ಅವಳು ಮೇಲಧಿಕಾರಿ ಹಾವನೂರ ಸಾಹೇಬರಿಗೆ ಅರ್ಧ ಗಂಟೆ ಎಂದು ಹೇಳಿ ಆಟೋ ಹಿಡಿದು ಕೂಸಿನ ಮನೆಗೆ ಹೋದಳು. ಮಕ್ಕಳೆಲ್ಲ ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು. ಸೌಖ್ಯಾ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು. ಆಯಾ ಫಕೀರವ್ವ ಬಾಗಿಲಲ್ಲಿ ಕುಳಿತು ಹಾಲಿನ ಬಟ್ಟಲು ತೊಳೆಯುತ್ತಿದ್ದಳು. ನೀಲಾಳನ್ನು ಕಂಡು ಎದ್ದು ನಿಂತಳು.

"ಫಕೀರವ್ವ, ಖರೇ ಹೇಳು. ಯಾರರೆ ಬರ್ತಾರೇನು ನನ್ನ ಕೂಸಿನ್ನ ನೋಡಾಕ?"

ಫಕೀರವ್ವ ಕೈಯೊಳಗಿನ ಬಟ್ಟಲು ಕೆಳಗಿಟ್ಟಳು. "ಬಯ್ಯಬ್ಯಾಡ್ರಿ ಬಾಯಾರ. ಮೊದಲ್ನೇ ದಿನ ಅಜ್ಜಾರ ಹೊರಗ ಕಿಟಕಿ ಹಂತ್ಯಾಕ ನಿಂತಿದ್ರು, ಸುಡೂ ಬಿಸಲಾಗ. ವಯಸ್ಸಾದವ್ರು. ಎಷ್ಟೊತ್ತಂತ ನಿಲ್ಲಿಸ್ಲಿ? ಒಳಗ ಬರ್ರಿ, ಗೊತ್ತಾದ್ರ ನನ್ನ ಕೆಲಸ ಹೋಗ್ತೈತಿ, ಯಾರಿಗೂ ಹೇಳಬ್ಯಾಡ್ರಿ ಅಂದೆ. ಅವತ್ತಿಂದ ದಿನಾ ಬರ್ತಾರ. ಬಾಗಲಾಗ ನಿಂತು ಮೊದಲ ಕೇಳ್ತಾರ, 'ಕೂಸಿನ ತಾಯಿ ಬರೂ ಹೊತ್ತಲ್ಲಲ್ಲ?' ಅಂತ. ಅಲ್ರಿ ಅಂದ್ರಷ್ಟ ಒಳಗ ಬರ್ತಾರ."

"ನೀ ಕೇಳಲಿಲ್ಲೇನು, ಯಾಕ ಹಿಂಗ ಕದ್ದು ಬರ್ತೀರಿ ಅಂತ?"

"ಕೇಳಿದ್ನ್ರಿ. 'ಆಕಿ ಮಾರಿ ನೋಡಂಗಿಲ್ಲ ಅಂತ ಮಾತ ಕೊಟ್ಟೀನಿ, ಈಕಿ ಮಾರಿ ನೋಡಂಗಿಲ್ಲ ಅಂತ ಎಂದೂ ಅಂದಿಲ್ಲ' ಅಂದ್ರು." ಫಕೀರವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಬಾಳಿಹಣ್ಣು ತರ್ತಾರ. ಕೂಸು ಕಡದು ಬಿಟ್ಟಿದ್ದನ್ನ ತಾವ ತಿಂತಾರ. ನೆಗಡಿ ಐತ್ರಿ ಕೂಸಿಗೆ, ಎಂಜಲ ತಿನ್ನಬ್ಯಾಡ್ರಿ ಅಂದ್ರೂ ಕೇಳಂಗಿಲ್ಲ."

ನೀಲಾ ಗೋಡೆಗೆ ಒರಗಿದಳು. ಮನೆಯಲ್ಲಿ ಅಪ್ಪನ ನೀರಿನ ತಂಬಿಗೆಯೇ ಬೇರೆ. ಹೆಂಡತಿ ತುಟಿ ಹಚ್ಚಿದ ಲೋಟದಿಂದ ಕೂಡ ಆ ಮನುಷ್ಯ ಒಂದು ಗುಟುಕು ಕುಡಿದವರಲ್ಲ. ಅವರು ಜಯಕರನ ಮಗಳ ಎಂಜಲು ತಿನ್ನುತ್ತಿದ್ದಾರೆ. ಇಷ್ಟು ದಿನ ಅಪ್ಪನ ಮೇಲೆ ಸಾಕಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಅದರ ಜಾಗದಲ್ಲಿ ಅಪ್ಪನ ಮೇಲಿನ ಪ್ರೀತಿಯಿಂದ ಜೀವ ಹಿಂಡಿದಂತಾಯಿತು.

"ಬಾಯಾರ, ನನ್ನ ಕೆಲಸ ಹೋಗ್ತೈತೇನ್ರಿ?" ಎಂದಳು ಫಕೀರವ್ವ ಮೆಲ್ಲಗೆ.

ಹೋಗುತ್ತಿತ್ತು. ಊರಿನ ಅರ್ಧ ನೆಗಡಿಗೆ ಕೂಸಿನ ಮನೆಗಳೇ ಮೂಲ ಎಂದು ಗೊತ್ತಾದ ಮೇಲೆ, ಹೆಸರು ನೋಂದಾಯಿಸದ ಹೊರಗಿನವರನ್ನು ಒಳಗೆ ಬಿಟ್ಟರೆ ಆಯಾಳನ್ನು ಕೆಲಸದಿಂದ ತೆಗೆದು ಕೂಸಿನ ಮನೆಗೆ ಬೀಗ ಹಾಕಬೇಕು ಎಂದು ನಿಯಮವಾಗಿತ್ತು. ಸಂಜೆ ಯಂತ್ರ ಈ ಎಳೆಗೆ ತಾನೇ ಗಂಟು ಹಾಕಿದರೆ ಕೂಸಿನ ಮನೆಯ ಹೆಸರು ಬರುತ್ತದೆ, ಫಕೀರವ್ವ ಬೀದಿಗೆ ಬೀಳುತ್ತಾಳೆ. ಬಳಿಗಾರರ ಮನೆಯ ಫೋನುಗಳಲ್ಲಿ 'ನಿಮ್ಮ ನೆಗಡಿ ಕುಮಾರಿ ಸೌಖ್ಯಾ ಅವರಿಂದ ಬಂದಿದೆ' ಎಂದು ಮೂಡುತ್ತದೆ. ತನ್ನ ಗುಟ್ಟಿನಿಂದ ಇನ್ನೊಬ್ಬಳ ಅನ್ನ ಹೋಯಿತು ಎಂದು ತಿಳಿದ ಮೇಲೆ ಅಪ್ಪ ಮತ್ತೆಂದೂ ಆ ಕಿಟಕಿಯ ಕಡೆ ಸುಳಿಯುವುದಿಲ್ಲ. ಕೂಸಿಗೆ ಸಿಕ್ಕ ಅಜ್ಜ ಇಷ್ಟಕ್ಕೇ ಮುಗಿದ.

ಕಚೇರಿಗೆ ಮರಳಿದವಳು ಆ ಎಳೆಯನ್ನೇ ನೋಡುತ್ತ ಕುಳಿತಳು. ಅಳಿಸುವ ಹಾಗಿಲ್ಲ. ಗೊತ್ತಿಲ್ಲ ಎಂದು ಬರೆದರೆ ಯಂತ್ರ ಒಪ್ಪುವುದಿಲ್ಲ. ಯಂತ್ರದ ಬಾಯಿ ಮುಚ್ಚಿಸಲು ಒಂದೇ ದಾರಿ ಇತ್ತು. ನೆಗಡಿ ಇದ್ದವರೊಬ್ಬರು, ಇವರನ್ನು ನಾನು ಎದುರಾಬದುರು ಭೇಟಿಯಾಗಿದ್ದೆ ಎಂದು ಹೇಳಿಕೆ ಕೊಟ್ಟರೆ ಅದನ್ನೇ ದಾರಿ ಎಂದು ತೆಗೆದುಕೊಳ್ಳಬೇಕು. ನೀಲಾಗೆ ನೆಗಡಿ ಇದೆ. ಅದೂ ಕೂಸಿನಿಂದಲೇ ಬಂದದ್ದು. ಕೂಸಿನಿಂದ ತನಗೆ, ತನ್ನಿಂದ ಅಪ್ಪನಿಗೆ. ಕೇಳಲು ಅಡ್ಡಿಯಿಲ್ಲದ ದಾರಿ. ಅರ್ಧ ಖರೆ, ಅರ್ಧ ಸುಳ್ಳು.

ಹೇಳಿಕೆ ಬರೆದು, ಸಹಿ ಹಾಕುವ ಮುಂಚೆ ಹಾವನೂರ ಸಾಹೇಬರ ಗಮನಕ್ಕೆ ಕಳಿಸಿದಳು. ಸಾಹೇಬರು ಕೇಂದ್ರದ ಮುಖ್ಯಸ್ಥರು, ವೈರಸ್ಸಿನ ಮೇಲೆ ದೊಡ್ಡ ಪುಸ್ತಕ ಬರೆದವರು, ನಿವೃತ್ತಿಗೆ ಹತ್ತಿರವಾದವರು. ಅವರು ಫೋನು ಮಾಡಲಿಲ್ಲ, ಎದ್ದು ಅವಳ ಮೇಜಿನ ಹತ್ತಿರವೇ ಬಂದರು.

"ನೀಲಾ ಅವರ, ನಿಮ್ಮ ನಕಲಿನ್ಯಾಗ ನಿಮ್ಮದಂತ ಒಂದು ತಪ್ಪು ಐತಿ. ನೋಡೀರೇನು?"

"ನೋಡೀನ್ರಿ ಸರ್."

"ನಿಮ್ಮಿಂದ ಹೋಗಿದ್ರ ಆ ತಪ್ಪು ನಿಮ್ಮಪ್ಪಾರದ್ರಾಗೂ ಇರಬೇಕಿತ್ತು. ಇಲ್ಲ. ನಿಮ್ಮ ತಪ್ಪು ಅವರಿಗೆ ಹತ್ತಿಲ್ಲ."

ನೀಲಾ ತಲೆ ತಗ್ಗಿಸಿದಳು. ಮಾಸ್ಕು ಒದ್ದೆಯಾಗಿದ್ದು ನೆಗಡಿಯಿಂದಲೋ ಅಳುವಿನಿಂದಲೋ ಸಾಹೇಬರಿಗೂ ತಿಳಿಯಲಿಲ್ಲ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು. ಪರದೆಯ ಮೇಲಿನ ಎಳೆಗಳ ಗೋಜಲಿನ ಕಡೆ ಕೈ ತೋರಿಸಿದರು.

"ನಾ ಈ ಕೆಲಸ ಶುರು ಮಾಡಿದ್ದು ದೊಡ್ಡ ಬ್ಯಾನಿ ಬಂದ್ರ ಮಂದಿ ಸಾಯಬಾರದು ಅಂತ. ಈಗ ದಿನಾ ನೋಡ್ತೀನಿ, ಅತ್ತಿ-ಸೊಸಿ ಜಗಳ, ಲಗ್ನ ಮುರದದ್ದು. ಸಾಕಾಗೇತಿ." ಅವರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. "ನಾ ಒಪ್ಪಿಗಿ ಕೊಡಂಗಿಲ್ಲ, ಬ್ಯಾಡ ಅನ್ನಂಗೂ ಇಲ್ಲ. ಸಹಿ ನಿಮ್ದು, ಹೊಣಿನೂ ನಿಮ್ದು. ವರ್ಷದ ತಪಾಸಣಿಯೊಳಗ ಯಾರರೆ ಹಿಡದ್ರ ನೌಕರಿ ಉಳಿಯಂಗಿಲ್ಲ. ಆವಾಗ ನನ್ನ ಹೆಸರ ಹೇಳಬ್ಯಾಡ್ರಿ."

ಅವರು ಎದ್ದು ಹೋದರು. ಹೇಡಿತನದ ಮಾತು ಎಂದು ನೀಲಾಗೆ ಅನ್ನಿಸಲಿಲ್ಲ, ದಣಿದವರ ಮಾತು ಅನ್ನಿಸಿತು. ಅವಳು ಸಹಿ ಒತ್ತಿದಳು. ಎಳೆ ಬಣ್ಣ ಬದಲಿಸಿ ನಿಂತಿತು. ಹಳೇ ಹುಬ್ಬಳ್ಳಿಯ ಆ ಮನೆಯ ಎರಡೂ ಫೋನುಗಳಿಗೆ, ಗುರುಸಂಗಪ್ಪನವರ ಹೆಸರಿನಲ್ಲಿ, ಸಂದೇಶ ಹೋಯಿತು: 'ನಿಮ್ಮ ನೆಗಡಿ ಇವರಿಂದ ಬಂದಿದೆ. ನೀಲಾಂಬಿಕಾ, ಮುಖಾಮುಖಿ ಭೇಟಿ.'

ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಎಲ್ಲ ಹೇಳಿದಳು. ಜಯಕರ ಹೊಗಳುತ್ತಾನೆ ಎಂದುಕೊಂಡಿದ್ದಳು. ಅವನು ಕೈಯೊಳಗಿನ ತುತ್ತನ್ನು ತಟ್ಟೆಗಿಟ್ಟ.

"ಫಕೀರವ್ವನ್ನ ಉಳಿಸಿದಿ, ಖರೆ. ಆದ್ರ ನಿಮ್ಮಪ್ಪಾರ ನಿನ್ನ ಮಾರಿ ನೋಡ್ಯಾರ ಅಂತ ಬರದ ಹಾಕಿದಿ. ನಿಮ್ಮವ್ವ ಅದನ್ನ ಓದ್ಯಾರ. ಅವರ ಮಾತನ್ನ ಸುಳ್ಳ ಮಾಡಿದಿ ನೀನು."

ಅದು ನೀಲಾಗೆ ಹೊಳೆದಿರಲೇ ಇಲ್ಲ. ಇಡೀ ಊರಿನಲ್ಲಿ ಮಾತಿಗೆ ತಪ್ಪದವರು ಎಂದು ಹೆಸರಾದ ಮನುಷ್ಯನಿಗೆ, ಹೆಂಡತಿಯ ಎದುರಿಗೇ ಮಾತು ತಪ್ಪಿದವರು ಎಂಬ ಪಟ್ಟ ಕಟ್ಟಿದ್ದಳು. ಮಾಡದ್ದನ್ನು ಮಾಡಿದ್ದೇನೆ ಎಂದು ಅಪ್ಪ ಯಾಕೆ ಒಪ್ಪುತ್ತಾರೆ? ಇಲ್ಲ ಎನ್ನುತ್ತಾರೆ. ಇಲ್ಲ ಎಂದರೆ ಮತ್ತೆ ನೆಗಡಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ, ಕೂಸಿನ ಮನೆಯ ಗುಟ್ಟು ಬಯಲಾಗುತ್ತದೆ. ಅರ್ಧ ಊಟಕ್ಕೇ ಕೈ ತೊಳೆದು ಎದ್ದಳು.

ಮರುದಿನ ಸಂಜೆ ಕೂಸನ್ನು ಕರೆತರಲು ಹೋದಾಗ ಫಕೀರವ್ವ ಬಾಗಿಲಲ್ಲೇ ಹೇಳಿದಳು: "ಅಜ್ಜಾರ ಬರಲಿಲ್ರಿ ಇವತ್ತ. ಕೂಸು ಕಿಟಕಿಗೆ ಹೋಗಿ ಹೋಗಿ ನೋಡ್ತು." ಅದರ ಮರುದಿನವೂ ಬರಲಿಲ್ಲ. ಹಿಂದೆ ಅಪ್ಪ ಬರುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ, ಅದರಿಂದ ನೋವೂ ಇರಲಿಲ್ಲ. ಈಗ ಗೊತ್ತು, ಬರುತ್ತಿಲ್ಲ, ತಾನೇ ಕಾರಣ. ಕಚೇರಿಯಲ್ಲಿ ಕುಳಿತು ಆ ಮನೆಯ ಚುಕ್ಕೆಗಳನ್ನೇ ನೋಡುತ್ತಿದ್ದಳು. ಅವು ದಿನದಿನಕ್ಕೂ ಮಂಕಾಗುತ್ತಿದ್ದವು. ನೆಗಡಿ ವಾಸಿಯಾಗುತ್ತಿದೆ ಎಂದು ಅರ್ಥ. ಅವರಿಬ್ಬರಿಗೆ ವಾಸಿಯಾದರೆ ಆ ಮನೆ ನಕ್ಷೆಯಿಂದಲೂ ಮಾಯವಾಗುತ್ತದಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು.

ಭಾನುವಾರ ಜಯಕರ ಚರ್ಚಿನಿಂದ ಬಂದು ಅಂಗಿ ಬದಲಿಸುತ್ತಿದ್ದ. ನೀಲಾ ನೆಲದ ಮೇಲೆ ಕುಳಿತು ಕೂಸಿನ ಮೂಗು ಒರೆಸುತ್ತಿದ್ದಳು. ಮೆಟ್ಟಿಲ ಮೇಲೆ ಯಾರೋ ಉಸ್ಸಪ್ಪಾ, ಶಿವನೇ ಎನ್ನುತ್ತ ಒಂದೊಂದೇ ಮೆಟ್ಟಿಲು ಏರುವ ಸದ್ದು ಕೇಳಿತು. ಆ ದನಿ ಕೇಳಿದ ಕೂಡಲೇ ನೀಲಾ ಕೂಸನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದಳು.

ಬಸಲಿಂಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು, ಮೊಣಕಾಲು ನಡುಗುತ್ತಿತ್ತು. ಮಗಳನ್ನು ಅಪ್ಪಿಕೊಳ್ಳುವ ಮೊದಲೇ ಬಯ್ಗುಳ ಶುರುವಾಯಿತು.

"ಇವ್ರು ನನ್ನ ಬಿಟ್ಟು ತಾವೊಬ್ಬರ ಬಂದು ನಿನ್ನ ನೋಡಿ ಹೋಗ್ಯಾರ! ನಾನು ಹೆತ್ತಾಕಿ, ನನಗ ಒಂದ ಮಾತ ಹೇಳಿಲ್ಲ! ಇವರ ಮಾತಿಗೆ ಕಟ್ಟಬಿದ್ದು ನಾ ಇಷ್ಟ ದಿನಾ ಹೊಟ್ಯಾಗ ಬೆಂಕಿ ಇಟ್ಕೊಂಡು ಕುಂತಿದ್ದೆ. ಫೋನಿನ್ಯಾಗ ಬಂದ ಮ್ಯಾಲ ಕೇಳಿದೆ, ನೋಡೀರೋ ಇಲ್ಲೋ, ಹೇಳ್ರಿ ಅಂತ. ಮೂರ ದಿನಾ ಬಾಯಿ ಬಿಡಲಿಲ್ಲ ಮನಶ್ಯಾ. ನಾ ಅನ್ನಾ ಬಿಟ್ಟೆ. ನಿನ್ನೆ ಸಂಜಿಮುಂದ ಅಂದ್ರು, 'ಹೂಂ, ನೋಡೀನಿ' ಅಂತ."

ಅಪ್ಪ ಸುಳ್ಳು ಹೇಳಿದ್ದರು. ಯಾವುದೋ ಓಣಿಯ ಒಬ್ಬ ಆಯಾಳ ಅನ್ನ ಉಳಿಸಲು, ಮಾತಿಗೆ ತಪ್ಪಿದವ ಎಂದು ಹೆಂಡತಿಯ ಬಾಯಿಂದ ಬಯ್ಯಿಸಿಕೊಂಡು, ಮಾಡದ ತಪ್ಪನ್ನು ಮಾಡಿದ್ದೇನೆ ಎಂದು ಒಪ್ಪಿದ್ದರು.

ಅವರು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಚೀಲ. ಬೆನ್ನು ಮನೆಯ ಕಡೆಗೆ, ಮುಖ ರಸ್ತೆಯ ಕಡೆಗೆ. ಹೆಂಡತಿಯನ್ನು ಮೆಟ್ಟಿಲು ಹತ್ತಿಸಿ ಅಲ್ಲೇ ನಿಂತುಬಿಟ್ಟಿದ್ದರು. ಜಯಕರ ಅಂಗಿಯ ಗುಂಡಿ ಹಾಕುತ್ತ ಹೊರಗೆ ಬಂದವನು ಏನು ಮಾಡಬೇಕೋ ತಿಳಿಯದೆ ಗೋಡೆಗೆ ಸರಿದ. ನೀಲಾ ಬಾಗಿಲಲ್ಲೇ ಉಳಿದಳು. ಅಪ್ಪಾ ಎಂದು ಕರೆಯಲು ಬಾಯಿ ತೆರೆದಳು, ಕರೆಯಲಿಲ್ಲ. ಕರೆದರೆ ಅವರು ತಿರುಗಬೇಕಾಗುತ್ತದೆ, ಇಲ್ಲವೇ ಇಳಿದು ಹೋಗಬೇಕಾಗುತ್ತದೆ. ಯಾವುದಕ್ಕೂ ಅವರನ್ನು ದೂಡಲು ಅವಳಿಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಸೌಖ್ಯಾ ಅವಳ ಕಾಲ ಸಂದಿಯಿಂದ ನುಸುಳಿ ಹೊರಗೆ ಬಂತು. "ಅಜ್ಜಾ!" ಎಂದು ಕಿರುಚಿ, ಕುಳಿತು ಕುಳಿತು ಮೆಟ್ಟಿಲು ಇಳಿದು, ಹಿಂದಿನಿಂದ ಧೋತರ ಹಿಡಿದು ಜೋತುಬಿದ್ದಿತು.

"ಕೂಸಿಗೆ ಗುರ್ತ ಐತಿ!" ಎಂದಳು ಬಸಲಿಂಗವ್ವ, ಬೆರಗಾಗಿ.

ಗುರುಸಂಗಪ್ಪನವರು ಚೀಲ ಕೆಳಗಿಟ್ಟರು. ಮುಂದಿನ ಮಾತನ್ನು ಅವರು ರಸ್ತೆಗೆ ಹೇಳಿದರೋ, ಕೂಸಿಗೆ ಹೇಳಿದರೋ, ಬಾಗಿಲಲ್ಲಿ ನಿಂತವಳಿಗೆ ಹೇಳಿದರೋ, ಅಂತೂ ಎಲ್ಲರಿಗೂ ಕೇಳಿಸಿತು.

"ನೋಡೀನಿ ಅಂತ ನನ್ನ ಬಾಯಿಲೆ ಬಂದ ಹೋಗೇತಿ. ಈ ವಯಸ್ಸಿನ್ಯಾಗ ನನ್ನ ಮಾತು ಸುಳ್ಳ ಆಗಬಾರದು."

ಕೂಸನ್ನು ಎತ್ತಿಕೊಂಡು ಅವರು ತಿರುಗಿದರು. ತಲೆ ಎತ್ತಿದರು. ಊದಿದ ಕಣ್ಣು, ಕೆಂಪಾದ ಮೂಗು, ಕೆದರಿದ ಕೂದಲು, ಯಾವುದನ್ನೂ ಬಿಡದೆ, ಬಾಕಿ ಉಳಿದದ್ದನ್ನೆಲ್ಲ ಒಟ್ಟಿಗೇ ನೋಡುವವರಂತೆ ಮಗಳನ್ನು ನೋಡಿದರು.

"ಮಾರಿ ಎಷ್ಟ ಇಳದೈತಿ ನಿಂದು," ಎಂದರು.